ಮದುವೆ ಫೋಟೋ ಹೊಡಿಯೋಕೆ ಪಿಜಿ ಯಾಕ್ರಿ?

ನಮ್ಮ ದಾವಣಗೆರೆ ಕಡೆ ಹುಡುಗ್ರು ಸಿನಿಮಾ, ಫೋಟೋಗ್ರಫಿಲಿ ಪಿಜಿ (ಡಿಗ್ರಿ ಆದ್ಮೇಲಿನ ಸ್ನಾತಕೋತ್ತರ ಕೋರ್ಸು) ಮಾಡ್ತೀನಿ ಅಂದ್ರೆ ಮನೇಲಿ ಕೇಳೋ ಮೊದಲ್ನೇ ಪ್ರಶ್ನೆನೇ ಇದು, ಅದರ ಹಿಂದೆನೇ 'ಸುಮ್ನೆ ಬಿ.ಎಡ್ ಮಾಡ್ಕೊಳಪ್ಪ' ಅನ್ನೋದು ಬಂದೇ ಬರುತ್ತೆ. ನಮ್ಮಕ್ಕನ ಮಗ ಬಿ.ಕಾಂ ಮುಗ್ಸಿದಾನೆ, 'ಮಾಮ, ಬಿ.ಕಾಂ ಮಾಡ್ದೋರ್ನ ಅಲ್ಲಿ ಸೇರಿಸ್ಕೊಳ್ತಾರಾ' ಅಂತಾನೆ. ಸೇರಿಸ್ಕೊಳ್ತಾರೆ ಕಣೋ, ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಡೈರೆಕ್ಷನ್ ಕೋರ್ಸಿಗೆ ಯಾವ ಡಿಗ್ರಿ ಆದ್ರೂ ನಡಿಯುತ್ತೆ, ಎಂಟ್ರೆನ್ಸ್ ಪಾಸಾಗ್ಬೇಕು (ಅದೇ ದೊಡ್ಡ ತಲೆನೋವು, ಸೀಟು ಬೆರಳೆಣಿಕೆ). ಗಿರೀಶ್ ಕಾಸರವಳ್ಳಿಯವರು ಬಿ.ಫಾರ್ಮ ಓದ್ಕೊಂಡು ಅಲ್ಲಿಗೆ ಹೋದೋರು.

ಆದ್ರೆ ಈ ವರ್ಷನೇ ಹೋಗ್ಬೇಡ ಅಂದೆ. ಮೊದ್ಲು ಎರಡು ಸೀಸನ್ ಯಾವುದಾದ್ರೂ ಮದುವೆ ಸ್ಟುಡಿಯೋದಲ್ಲಿ ದುಡಿ. ಮಟಮಟ ಮಧ್ಯಾಹ್ನ, ಹಳ್ಳಿ ಮದುವೆ, ಕೆಂಪು ಶಾಮಿಯಾನ, ಬಟ್ಟೆಯಿಂದ ಇಳಿಯೋ ಬಿಸಿಲಿಗೆ ಮದುಮಗಳ ಹಣೆ ಕೆಂಪು, ಪಕ್ಕದ ಬಯಲಿಂದ ಬರೋ ಬೆಳಕಿಗೆ ಕೆನ್ನೆ ನೀಲಿ, ಆಟೋ ವೈಟ್ ಬ್ಯಾಲೆನ್ಸ್‌ಗೆ, ಅಂದ್ರೆ ಬಣ್ಣ ಸರಿ ಮಾಡೋದನ್ನ ಕ್ಯಾಮೆರಾಕ್ಕೇ ಬಿಟ್ರೆ, ಒಂದೊಂದು ಫ್ರೇಮಿಗೆ ಒಂದೊಂದು ಬಣ್ಣ. ಫ್ಲ್ಯಾಶ್ ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಿದ್ರೆ ಆ ಬೆಳಕೂ ಶಾಮಿಯಾನಕ್ಕೆ ಬಡಿದು ಕೆಂಪಾಗೇ ಇಳಿಯುತ್ತೆ. ಅದಕ್ಕೇ ನಮ್ಮ ಸ್ಟುಡಿಯೋ ಹುಡುಗ್ರು ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಒಂದೇ ಕಡೆ ಲಾಕ್ ಮಾಡಿ, ಫ್ಲ್ಯಾಶ್‌ಗೆ ಬೆಳಕು ಮೆದು ಮಾಡೋ ಡಿಫ್ಯೂಸರ್ ಹಾಕಿ ನೇರ ಹೊಡೀತಾರೆ, ಅದೂ ಅಕ್ಷತೆ ಬೀಳೋದ್ರೊಳಗೆ, ಪುರೋಹಿತ್ರು ನಿಮಗೆ ಅಂತ ಇನ್ನೊಂದ್ಸಲ ತಾಳಿ ಕಟ್ಟಿಸಲ್ಲ. ಇದನ್ನ ಯಾವ ಕ್ಲಾಸಲ್ಲೂ ಇಷ್ಟು ಬೇಗ ಕಲಿಸಲ್ಲ ಅಂತ ನನ್ನ ಅನಿಸಿಕೆ.

ಹಂಗಾದ್ರೆ ಪಿಜಿ ಯಾಕೆ ಅಂತೀರಾ, ಬಿಸಾಕೋದು ಕಲಿಯೋಕೆ. ಮದುವೆ ಕೆಲಸದಲ್ಲಿ ಒಂದು ಫೋಟೋನೂ ಬಿಸಾಕೋ ಹಂಗಿಲ್ಲ, ಬೀಗರ ಕಡೆ ದೊಡ್ಡಪ್ಪ ಆಲ್ಬಮ್‌ನಲ್ಲಿ ಕಾಣ್ಲಿಲ್ಲ ಅಂದ್ರೆ ಬಾಕಿ ದುಡ್ಡೂ ಬರಲ್ಲ. ಡ್ರೋನು, ಸ್ಲೋಮೋಷನ್ನು, ಕೋಟೆ ಮೇಲೆ ಪ್ರಿ-ವೆಡ್ಡಿಂಗು ಎಲ್ಲಾ ಸೇರ್ಸಿ ತುಂಬೋದೇ ಕೆಲಸ. ಒಳ್ಳೆ ಕೋರ್ಸಲ್ಲಿ ನೀನು ಪ್ರಾಣ ಬಿಟ್ಟು ತೆಗೆದ ಶಾಟ್ ತೋರಿಸಿ 'ಇದು ಇಲ್ಯಾಕಿದೆ' ಅಂತ ಕೇಳ್ತಾರೆ, ಉತ್ತರ ಇಲ್ಲ ಅಂದ್ರೆ ತೆಗೀಬೇಕು, ಜೊತೆಗಿರೋ ಸೌಂಡಿನವನು, ಎಡಿಟಿಂಗಿನವನು ಕೂಡ ಜಗಳ ತೆಗೀತಾರೆ, ಮನೇಲಿ ಒಬ್ನೇ ಯೂಟ್ಯೂಬ್ ನೋಡ್ತಾ ಕೂತ್ರೆ ಈ ಜಗಳ ಎಲ್ಲಿಂದ ಸಿಗ್ಬೇಕು?

ಪುಣೆ, ಕಲ್ಕತ್ತಾ ಫಿಲ್ಮ್ ಇನ್‌ಸ್ಟಿಟ್ಯೂಟಲ್ಲಿ ಸೀಟು ಸಿಗ್ಲಿಲ್ಲ ಅಂದ್ರೆ ಆಕಾಶ ಏನೂ ಕಳಚಿ ಬೀಳಲ್ಲ. ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಕಲಿತಿದ್ದು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ, 2008ರ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಅದಕ್ಕೂ ಮುಂಚೆ ಯಾವ ಕ್ಯಾಮೆರಾಮನ್‌ಗೂ ಅದು ಬಂದಿರ್ಲಿಲ್ಲ. ನಮ್ಮೂರಲ್ಲೇ 1964ರಿಂದ ದೃಶ್ಯಕಲಾ ಕಾಲೇಜಿದೆ, ಬೆಳಕು ನೆರಳು ಅಂದ್ರೆ ಏನು ಅಂತ ಅಲ್ಲಿ ಪೇಂಟಿಂಗ್ ಮಾಡೋರ ಜೊತೆ ಕೂತ್ರೂ ಗೊತ್ತಾಗುತ್ತೆ, ಊರೋರಿಗೇ ಅದರ ಬೆಲೆ ಗೊತ್ತಿಲ್ಲ ಬಿಡಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಲಕ್ಷಗಟ್ಟಲೆ ಫೀಸು ಕೇಳೋ ಖಾಸಗಿ ಕಾಲೇಜಿಗೆ ಹೋದ್ರೆ ರಿಸೆಪ್ಷನ್‌ನಲ್ಲಿ ತೂಗುಹಾಕಿರೋ ಹೀರೋಗಳ ಫೋಟೋ ನೋಡಿ ಮರುಳಾಗ್ಬೇಡಿ, ಹೋದ ಬ್ಯಾಚಿನ ಹುಡುಗ್ರು ಮಾಡಿದ ಸಿನಿಮಾ ಹಾಕಿ ತೋರ್ಸಿ ಅನ್ನಿ, ಒಂದು ಕ್ಯಾಮೆರಾಕ್ಕೆ ಎಷ್ಟು ಜನ ಅಂತಾನೂ ಕೇಳಿ. ನಮ್ಮ ಪರಿಚಯದ ಹುಡುಗ ಒಬ್ಬ ಅಂಥ ಕಡೆ ವರ್ಷ ಪೂರ್ತಿ ಲೈಟ್ ಸ್ಟ್ಯಾಂಡ್ ಹಿಡ್ಕೊಂಡೇ ಸರ್ಟಿಫಿಕೇಟ್ ತಗೊಂಡು ಬಂದ, ಸ್ಟುಡಿಯೋದಲ್ಲಾಗಿದ್ರೆ ಅದೇ ಕೆಲಸಕ್ಕೆ ದಿನಗೂಲಿನಾದ್ರೂ ಕೊಡ್ತಿದ್ರು.