ತಾಟಿನಲ್ಲೇ ಉಳಿದ ರೊಟ್ಟಿ

ನಿನ್ನೆ ಕಲಬುರಗಿಯಲ್ಲಿ ಬಳಗದವರ ಮನೆಯ ಕುಬಸಕ್ಕೆ ಹೋಗಿದ್ದೆವು. ಊಟಕ್ಕೆ ಅವ್ವನ ಪಕ್ಕದಲ್ಲೇ ಕೂತಿದ್ದೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವ್ವ ರೊಟ್ಟಿ ಮುರಿದು ಬ್ಯಾಳಿಯಲ್ಲಿ ಅದ್ದಿ, ಮೆತ್ತಗಾಗಲಿ ಅಂತ ಕಾದಳು. ಒಂದು ತುತ್ತು ಎಡದವಡೆಗೆ ಹಾಕಿಕೊಂಡಳು. ಅಗಿಯಲು ಆಗಲಿಲ್ಲ. ಯಾರಿಗೂ ಕಾಣದ ಹಾಗೆ ಉಳಿದ ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿ ಅನ್ನ ಕೇಳಿದಳು.

ಎದುರಿಗಿದ್ದ ಕಾಕಾ ನೋಡಿದರು. "ಬಿಡ್ರಿ ವೈನಿ, ವಯಸ್ಸಾದ ಮ್ಯಾಲ ಹಲ್ಲು ಇರ್ತಾವೇನು?"

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ವಯಸ್ಸಾಯಿತು ಅಂತ ಹಲ್ಲು ತಾನಾಗಿ ಬೀಳುವುದಿಲ್ಲ. ಹುಳುಕು ಬೀಳಿಸುತ್ತದೆ, ಒಸಡಿನ ರೋಗ ಬೀಳಿಸುತ್ತದೆ. ಹಲ್ಲಿನ ಬುಡದಲ್ಲಿ ಕೊಳೆ ಗಟ್ಟಿಯಾಗಿ ಕೂರುತ್ತದೆ, ಒಸಡು ಊದಿ ರಕ್ತ ಬರುತ್ತದೆ, ಆಮೇಲೆ ಹಲ್ಲು ಹಿಡಿದ ಎಲುಬೇ ಕರಗುತ್ತದೆ. ನೋವು ಜಾಸ್ತಿ ಇರಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಸಡು ಹಿಂದೆ ಸರಿದರೆ ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿನ ಮೇಲೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ ಇಲ್ಲ, ಹುಳುಕು ಬೇಗ ಹಿಡಿಯುತ್ತದೆ.

ಅವ್ವನಿಗೆ ಶುಗರ್ ಬೇರೆ ಇದೆ. ಶುಗರ್ ಹೆಚ್ಚಾದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಕೆಲವು ಬಿಪಿ ಗುಳಿಗೆಗಳಿಂದ ಬಾಯಿ ಒಣಗುತ್ತದೆ. ಹಲ್ಲು ಕಾಯುವ ಜೊಲ್ಲೇ ಕಡಿಮೆಯಾದರೆ ಹಲ್ಲು ಹೇಗೆ ಉಳಿಯಬೇಕು? ಇದರಲ್ಲಿ ಯಾವುದಕ್ಕೂ "ವಯಸ್ಸಾಯ್ತು ಬಿಡು" ಅನ್ನುವುದು ಔಷಧ ಅಲ್ಲ.

ತಪ್ಪು ಕಾಕಾ ಒಬ್ಬರದೇ ಅಲ್ಲ. ಎರಡು ವರ್ಷದ ಹಿಂದೆ ಅವ್ವ, "ಹಲ್ಲು ತಿಕ್ಕುವಾಗ ರಕ್ತ ಬರ್ತದ" ಅಂದಿದ್ದಳು. ಉಪ್ಪುನೀರು ಮುಕ್ಕಳಿಸು ಅಂತ ಹೇಳಿ ನಾನು ಆಫೀಸಿಗೆ ಹೋದೆ. ಅವಳು ಬ್ರಷ್ ಬಿಟ್ಟು ಬೆರಳಿಗೆ ಮಿಶ್ರಿ ಹಚ್ಚಿಕೊಂಡಳು. ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿ. ಕೆಟ್ಟ ಒಸಡಿಗೆ ದಿನಾ ಬೆಳಿಗ್ಗೆ ತಂಬಾಕು. ನಾನು ಒಂದು ದಿನವೂ ಅವಳ ಬಾಯಿ ತೆರೆಸಿ ನೋಡಲಿಲ್ಲ. ಈ ನೋವು ನನ್ನನ್ನು ಬಿಡುತ್ತಿಲ್ಲ.

ಹಲ್ಲು ಬಿದ್ದರೆ ಹಲ್ಲಿನ ಸೆಟ್ ಕಟ್ಟಿಸಿದರಾಯಿತು ಅನ್ನುತ್ತಾರೆ. ಹಲ್ಲು ಹೋದ ಜಾಗದ ಎಲುಬು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಇವತ್ತು ಸರಿಯಾಗಿ ಕೂತ ಸೆಟ್ ನಾಳೆ ಸಡಿಲ. ಖಡಕ್ ರೊಟ್ಟಿ ಅದರಲ್ಲಿ ಅಗಿಯುವುದು ಸುಮ್ನೆ ಮಾತಲ್ಲ. ಇರುವ ಹಲ್ಲನ್ನು ಮೊದಲು ಉಳಿಸಬೇಕು, ಅಲ್ವಾ?

ಸೋಮವಾರ ಅವ್ವನನ್ನು ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.

ನಮ್ಮ ಮನೆಗೆ ಬಂದವರಿಗೆಲ್ಲ ಗೊತ್ತು, ಅವ್ವ ರೊಟ್ಟಿ ಬಡಿಯುತ್ತಿದ್ದರೆ ಓಣಿಗೆಲ್ಲ ಸಪ್ಪಳ ಕೇಳುತ್ತಿತ್ತು. ನಿನ್ನೆ ಆಟೋದಲ್ಲಿ ಬರುವಾಗ ಅವಳು ನನ್ನನ್ನು ಕೇಳಿದಳು, "ರೊಟ್ಟಿ ಹೆಂಗಿತ್ತು?"