ಹಂಪಿಗೆ ಮುಹೂರ್ತ: 60 ದಿನ ಮೊದಲು, ಬೆಳಿಗ್ಗೆ 8 ಗಂಟೆ

2022ರೊಳಗೆ ಕನಿಷ್ಠ 15 ಪ್ರವಾಸಿ ತಾಣ ನೋಡಿ ಎಂದು 2019ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಕರೆ ಕೊಟ್ಟರು. ಮರುವರ್ಷ ‘ದೇಖೋ ಅಪ್ನಾ ದೇಶ್’ ಅಭಿಯಾನವೂ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ ರೈಲ್ವೆ.

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60ಕ್ಕೆ ಇಳಿಯಿತು. ವಿದೇಶಿ ಪ್ರವಾಸಿಗಳ ಕೋಟಾಕ್ಕೆ ಮಾತ್ರ 365 ದಿನ ಹಾಗೆಯೇ ಉಳಿಯಿತು. ನಮ್ಮ ದೇಶ ನೋಡುವ ಯೋಜನೆ ಹಾಕಲು ಪರದೇಶಿಗೆ ವರ್ಷ, ನಮಗೆ ಎರಡು ತಿಂಗಳು. ಅತಿಥಿ ದೇವೋ ಭವ, ಮನೆಯವರು ಜಗಲಿ ಮೇಲೆ.

ಪ್ರಯಾಣಕ್ಕೆ 60 ದಿನ ಮೊದಲು, ಬುಕಿಂಗ್ ತೆರೆಯುವ ಬೆಳಿಗ್ಗೆ 8ಕ್ಕೇ ಕೂತರೂ ಕೈಗೆ ಸಿಗುವುದು ಹಲವು ಸಲ ವೇಟಿಂಗ್ ಲಿಸ್ಟೇ. ಅದರಲ್ಲೂ ಜಾತಿಗಳಿವೆ. ರೈಲು ಹೊರಡುವ ಊರಿನವರದು ಸಾಮಾನ್ಯವಾಗಿ ಜಿಎನ್‌ಡಬ್ಲ್ಯುಎಲ್ (ಜನರಲ್ ವೇಟಿಂಗ್ ಲಿಸ್ಟ್), ಮೇಲ್ಜಾತಿ. ಬೇಗ ಕನ್ಫರ್ಮ್ ಆಗುತ್ತದೆ. ನಡುವೆ ಹತ್ತುವವರಿಗೆ ಆರ್‌ಎಲ್‌ಡಬ್ಲ್ಯುಎಲ್ (ರಿಮೋಟ್ ಲೊಕೇಶನ್) ಅಥವಾ ಪಿಕ್ಯೂಡಬ್ಲ್ಯುಎಲ್ (ಪೂಲ್ಡ್ ಕೋಟಾ). ಇವರ ಪಾಲಿನ ಬರ್ತ್‌ಗಳೇ ಕಡಿಮೆ, ಹಾಗಾಗಿ ರದ್ದಾಗಿ ಖಾಲಿಯಾಗುವುದೂ ಕಡಿಮೆ. ಸರದಿ ಸಂಖ್ಯೆ 40 ಇದ್ದದ್ದು 31ಕ್ಕೆ ಬಂದು ಅಲ್ಲೇ ತಪಸ್ಸಿಗೆ ಕೂರುತ್ತದೆ.

ಬಲ್ಲವರ ಉಪಾಯ ಇನ್ನೂ ಚೆನ್ನ. ಹಂಪಿ ನೋಡಿ ಬೆಂಗಳೂರಿಗೆ ಮರಳಬೇಕು, ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರ್ತ್ ಇಲ್ಲ. ರೈಲು ಹೊರಡುವುದು ಹುಬ್ಬಳ್ಳಿಯಿಂದ. ಅಲ್ಲಿಂದಲೇ ಟಿಕೆಟ್ ತೆಗೆದು, ಬೋರ್ಡಿಂಗ್ ಪಾಯಿಂಟನ್ನು, ಅಂದರೆ ಹತ್ತುವ ನಿಲ್ದಾಣವನ್ನು, ಹೊಸಪೇಟೆಗೆ ಬದಲಿಸಿ. ಸುಮಾರು 145 ಕಿ.ಮೀ. ನಿಮ್ಮ ಬರ್ತ್ ಒಂದೇ ಪ್ರವಾಸ ಮಾಡಿ ಬರುತ್ತದೆ, ಅದರ ಖರ್ಚು ನಿಮ್ಮದು. ಆದರೆ ಬದಲಾವಣೆ ಗಡುವಿನೊಳಗೆ ಆಗಬೇಕು. ಮರೆತರೆ ಹುಬ್ಬಳ್ಳಿ ದಾಟಿದ ಮೇಲೆ ಟಿಟಿಇ ನಿಮ್ಮನ್ನು ‘ಬಂದಿಲ್ಲ’ ಎಂದು ಬರೆದು, ಬರ್ತನ್ನು ಆರ್‌ಎಸಿಯವರಿಗೆ ಕೊಟ್ಟಿರುತ್ತಾರೆ. ಆರ್‌ಎಸಿ ಎಂದರೆ ಪೂರ್ತಿ ದುಡ್ಡಿಗೆ ಅರ್ಧ ಸೈಡ್ ಲೋಯರ್, ರಾತ್ರಿಯಿಡೀ ಅಪರಿಚಿತರ ಪಾದದರ್ಶನ. ತೀರ್ಥಯಾತ್ರೆಯ ಪುಣ್ಯ ಅಲ್ಲಿಂದಲೇ ಶುರು.

ಕೊನೆಯ ಆಸೆ ತತ್ಕಾಲ್. ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರ್‌ಗೆ 11. 2025ರ ಜುಲೈನಿಂದ ಆಧಾರ್ ಓಟಿಪಿಯೂ ಬೇಕು. ಒಂದು ಟಿಕೆಟ್‌ಗೆ ನಾಲ್ಕೇ ಜನ. ಅಜ್ಜಿ ಸೇರಿ ಐವರಾದರೆ ಎರಡನೇ ಟಿಕೆಟ್ ತೆಗೆಯುವಷ್ಟರಲ್ಲಿ ಅಜ್ಜಿ ಮನೆಯಲ್ಲೇ. ಕನ್ಫರ್ಮ್ ಆದ ತತ್ಕಾಲ್ ರದ್ದು ಮಾಡಿದರೆ ಒಂದು ಪೈಸೆಯೂ ವಾಪಸಿಲ್ಲ.

ಬೇಸತ್ತು ವೇಟಿಂಗ್ ಲಿಸ್ಟ್ ಟಿಕೆಟ್ಟನ್ನೇ ರದ್ದು ಮಾಡೋಣವೆಂದರೆ, ಕೊಡದ ಸೀಟಿಗೆ ತಲೆಗೆ 60 ರೂಪಾಯಿ ‘ಕ್ಲರ್ಕೇಜ್’ ಕಡಿತ, ಅಂದರೆ ಗುಮಾಸ್ತರ ಖರ್ಚು. ಆನ್‌ಲೈನ್‌ನಲ್ಲಿ ಕಟ್ಟಿದ ‘ಅನುಕೂಲ ಶುಲ್ಕ’ವೂ ಹೋದದ್ದೇ. ಅನುಕೂಲ ಯಾರಿಗೆ ಎಂದು ರಸೀದಿಯಲ್ಲಿ ಬರೆದಿರುವುದಿಲ್ಲ.

ಹೇಗೋ ಹೊಸಪೇಟೆ ಮುಟ್ಟಿದಿರಿ ಅನ್ನಿ. ಹಂಪಿ ಇನ್ನು 13 ಕಿ.ಮೀ. ಸರ್ಕಾರಿ ಬಸ್ಸಿಗೆ ಕೋಟಾ ಇಲ್ಲ, ಚಾರ್ಟ್ ಇಲ್ಲ, ಓಟಿಪಿ ಇಲ್ಲ. ತತ್ಕಾಲ್‌ಗೆ ಒದ್ದಾಡಿಸಿದ ಅದೇ ಆಧಾರ್ ಕಾರ್ಡನ್ನು ಇಲ್ಲಿ ನಮ್ಮ ರಾಜ್ಯದ ಹೆಂಗಸರು ತೋರಿಸಿದರೆ ದುಡ್ಡೂ ಇಲ್ಲ. ಸೀಟು ಸಿಗುತ್ತದೆ ಎಂದು ಮಾತ್ರ ಯಾರೂ ಹೇಳಿಲ್ಲ.