ಐದು ಡಬ್ಬ, ಒಂದು ಡ್ರಮ್ಮು

ಗೂಗಲ್‌ನವರು ಕೊನೆಗೂ ಕೈ ಎತ್ತಿದ್ದಾರೆ. ಬೇರೆ ಕಡೆಯ ಮೇಲ್‌ಗಳನ್ನೆಲ್ಲ ಎಳೆದು ತಂದು ಜಿಮೇಲ್‌ಗೆ ಸುರಿಯುವ ಸೇವೆ ಇತ್ತಲ್ಲ, 2026ರಲ್ಲಿ ಅದಕ್ಕೆ ಬೀಗ ಅಂತೆ. ಸುದ್ದಿ ನಿಮಗೂ ಗೊತ್ತಿರುತ್ತೆ. ಗೊತ್ತಿಲ್ಲದಿದ್ದರೆ ನೀವು ಒಂದೇ ಇಮೇಲ್ ಐಡಿ ಇರುವ ಪುಣ್ಯವಂತರು. ಹೋಗಿ ಕಾಫಿ ಕುಡಿಯಿರಿ. ಮಿಕ್ಕವರು ಬನ್ನಿ, ಒಟ್ಟಿಗೆ ಕೂತು ಅಳೋಣ.

ನನಗೆ ಐದು ಐಡಿ ಇವೆ. ಜಂಬಕ್ಕೆ ಹೇಳ್ತಿಲ್ಲ. ಮೊದಲನೆಯದು ಬ್ರೌಸಿಂಗ್ ಸೆಂಟರ್ ಕಾಲದ್ದು. ಅದರಲ್ಲಿ ‘ಕೂಲ್’ ಅಂತ ಇದೆ, ‘ರಾಕ್ಸ್’ ಅಂತಲೂ ಇದೆ, ನಡುವೆ ಒಂದು ಅಂಡರ್‌ಸ್ಕೋರ್. ಅದನ್ನು ಮಾಡಿದ ಹುಡುಗ ಈಗ ಸಿಕ್ಕಿದರೆ ಕೆನ್ನೆಗೆ ಎರಡು ಬಿಗಿಯುತ್ತೇನೆ. ಏನು ಮಾಡೋದು, ಪಾಸ್‌ಪೋರ್ಟ್‌ನಿಂದ ಹಿಡಿದು ಪಿಎಫ್‌ವರೆಗೆ ನನ್ನ ಗುರುತು ಅವನೇ. ಎರಡನೆಯದು ಜಿಮೇಲ್. 2004ರ ಏಪ್ರಿಲ್ 1ರಂದು ಅದು ಶುರುವಾದಾಗ 1 ಜಿಬಿ ಜಾಗ ಪುಕ್ಕಟೆ ಅಂದಿದ್ದರು. ಜನ ಏಪ್ರಿಲ್ ಫೂಲ್ ಅಂದುಕೊಂಡರು. ತಪ್ಪಾಗಿ ಅಂದುಕೊಳ್ಳಲಿಲ್ಲ, ಸ್ವಲ್ಪ ಬೇಗ ಅಂದುಕೊಂಡರು ಅಷ್ಟೇ. ಮೂರನೆಯದು ಆಫೀಸಿನದು, ಅದರ ಮಾತು ಬೇಡ. ನಾಲ್ಕನೆಯದು ಮನೆ ಸಾಲಕ್ಕೆ ಹೋದಾಗ ಹುಟ್ಟಿತು. ‘ಈ ಐಡಿ ಆಗಲೇ ಇದೆ ಅಂತ ಸಿಸ್ಟಂ ಹೇಳ್ತಿದೆ ಸಾರ್, ಬೇರೆ ಕೊಡಿ’ ಅಂದರು. ಆಗಲೇ ಇರೋದು ನಾನೇ ಕಣಪ್ಪ ಅಂದೆ. ಸಿಸ್ಟಂ ಒಪ್ಪಲಿಲ್ಲ. ಅವರ ಮೇಜಿನ ಎದುರೇ ಹೆರಿಗೆ ಆಯಿತು. ಐದನೆಯದು ಮಗಳ ಸ್ಕೂಲಿನವರು ಕೊಟ್ಟಿದ್ದು. ಅವಳು ಒಂದನೇ ಕ್ಲಾಸು. ‘ಐ’ ಬರೆಯುವಾಗ ಕೈ ಇನ್ನೂ ತಡವರಿಸುತ್ತೆ, ಆದರೆ ಐಡಿ ಇದೆ.

ಈ ಐದನ್ನೂ ಕೂಡಿಸಿ ಒಂದೇ ಇನ್‌ಬಾಕ್ಸ್ ಮಾಡಿದ ದಿನ ನಾನು ಗೃಹಪ್ರವೇಶ ಮುಗಿಸಿದವನ ಹಾಗೆ ಓಡಾಡಿದ್ದೆ. ಹಾಗೆ ಎಳೆದು ತರುವ ಪದ್ಧತಿಗೆ ಪಾಪ್ ಅಂತ ಹೆಸರು. ಪೋಸ್ಟ್ ಆಫೀಸ್ ಪ್ರೋಟೊಕಾಲ್. 1984ರಿಂದ ಇದೆ. ನಿಮ್ಮ ಪಾಸ್‌ವರ್ಡ್ ಇಟ್ಟುಕೊಂಡು ಜಿಮೇಲ್ ಆಗಾಗ ಹೋಗಿ ಪಕ್ಕದ ಡಬ್ಬದಲ್ಲಿ ಕೈ ಹಾಕಿ ಬರುತ್ತೆ. ಆಗಾಗ ಅಂದರೆ ಅದಕ್ಕೆ ಮನಸ್ಸು ಬಂದಾಗ. ಓಟಿಪಿ ಬದುಕಿರೋದು 10 ನಿಮಿಷ, ಅದು ನನ್ನ ಇನ್‌ಬಾಕ್ಸಿಗೆ ಬರೋದು 40 ನಿಮಿಷಕ್ಕೆ. ಊಟಕ್ಕಿಲ್ಲದ ಉಪ್ಪಿನಕಾಯಿ. ಹೆಸರಲ್ಲೇ ಪೋಸ್ಟ್ ಆಫೀಸ್ ಇದ್ದ ಮೇಲೆ ಅವಸರ ಮಾಡಬಾರದು ಅಂತ ಸುಮ್ಮನಾದೆ. ಹಾಗೆ ನೋಡಿದರೆ ನಿಜವಾದ ಪೋಸ್ಟ್ ಆಫೀಸಿನವರೂ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಹೊಟ್ಟೆಗೆ ಹಾಕಿಬಿಟ್ಟರು. ಕೂಡಿಸೋದು ಈಗಿನ ಚಟ.

ಚಟ ಅಂದೆ ಅಲ್ವಾ? ಬೆಂಗಳೂರಲ್ಲಿ ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಅಂತ ಬೆಳಿಗ್ಗೆ ಎದ್ದರೆ ಉಪದೇಶ. ಮನೆಯಾಕೆ ಹಾಲಿನ ಕವರ್ ತೊಳೆದು ಒಣಗಿಸಿ ಎತ್ತಿಡುತ್ತಾಳೆ. ಅದೇ ಮನೆಯಲ್ಲಿ ಕೂತು ನಾನು ಆಫೀಸಿನ ಮೀಟಿಂಗು, ಸೀರೆ ಸೇಲು, ಸಾಲದ ಕಂತು, ‘ನಿಮ್ಮ ಮಗು ಇವತ್ತು ಊಟದ ಡಬ್ಬಿ ಖಾಲಿ ಮಾಡಿಲ್ಲ’, ನೈಜೀರಿಯಾದ ರಾಜಕುಮಾರನ ಆಸ್ತಿ ಕೊಡ್ತೀವಿ ಅನ್ನೋ ಮೋಸದ ಮೇಲ್ ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದು ‘ಮ್ಯಾನೇಜ್ ಮಾಡ್ತಿದೀನಿ’ ಅಂತಿದ್ದೆ.

ಬರೋದೇನೋ ಎಲ್ಲ ಒಂದೇ ಡಬ್ಬಕ್ಕೆ ಬರುತ್ತೆ. ಉತ್ತರ ಯಾವ ಡಬ್ಬದಿಂದ ಹೋಗುತ್ತೆ ಅನ್ನೋದು ಮಾತ್ರ ದೇವರ ಚಿತ್ತ. ಹಳೆಯ ಬಾಸ್ ಒಬ್ಬರ ತಾಯಿ ತೀರಿಕೊಂಡಿದ್ದರು. ಅರ್ಧ ಗಂಟೆ ಕೂತು ಗಂಭೀರವಾಗಿ ಒಂದು ಸಂತಾಪದ ಮೇಲ್ ಬರೆದೆ. ಅದು ಅವರಿಗೆ ತಲುಪಿದ್ದು ಕೂಲ್ ಅಂಡರ್‌ಸ್ಕೋರ್ ರಾಕ್ಸ್ ಕಡೆಯಿಂದ. ಅವರು ‘ಥ್ಯಾಂಕ್ಸ್’ ಅಂತ ಒಂದೇ ಪದ ಬರೆದರು. ದೊಡ್ಡ ಮನುಷ್ಯರು.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಹಾಟ್‌ಮೇಲ್ ಮಾಡಿದ ಸಬೀರ್ ಭಾಟಿಯಾ ನಮ್ಮ ಬೆಂಗಳೂರಲ್ಲಿ ಬೆಳೆದವರು. ಅವರೂ ಜ್ಯಾಕ್ ಸ್ಮಿತ್ ಅನ್ನೋ ಗೆಳೆಯರೂ ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ, ಆಫೀಸಿನವರ ಕಣ್ಣಿಗೆ ಬೀಳದ ಹಾಗೆ ತಮ್ಮ ಸ್ವಂತ ಮೇಲ್ ನೋಡೋದು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದರು. ಬ್ರೌಸರ್‌ನಲ್ಲೇ ಮೇಲ್ ತೆರೆಯುವ ಉಪಾಯ ಹೊಳೆದದ್ದು ಆಗ. 1996ರ ಜುಲೈ 4ರಂದು ಶುರು ಮಾಡಿದರು, ಮರುವರ್ಷವೇ ಮೈಕ್ರೋಸಾಫ್ಟ್ ಸುಮಾರು 40 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಅಂದರೆ ಆಫೀಸಿನ ಮೇಲ್ ಬೇರೆ, ಮನೆಯ ಮೇಲ್ ಬೇರೆ ಇರಲಿ ಅಂತ ಅಷ್ಟು ದುಡ್ಡಿನ ಯೋಚನೆ ಆಯಿತು. ಆಮೇಲೆ ನಾವು ಎರಡನ್ನೂ ಕೂಡಿಸಲು ಒದ್ದಾಡಿದೆವು. ಕೂಡಿಸಿ ಮುಗಿಸುವ ಹೊತ್ತಿಗೆ ಗೂಗಲ್ ಬಂದು ಬಿಡಿಸುತ್ತಿದೆ. ಫೋನಿನ ಆ್ಯಪ್‌ನಲ್ಲಿ ಈಗಲೂ ಎಲ್ಲ ಒಟ್ಟಿಗೆ ಕಾಣುತ್ತಂತೆ, ಗಾಬರಿ ಬೇಡವಂತೆ. ಆಯ್ತು ಬಿಡಿ. ಕಷ್ಟ ಜೇಬಲ್ಲಿ ಇದ್ದರೆ ಸಾಕು, ಮೇಜಿನ ಮೇಲೂ ಯಾಕೆ?

ಇಷ್ಟಕ್ಕೂ ಎಲ್ಲವನ್ನೂ ಸೇರಿಸಿದ ನಿಜವಾದ ಇನ್‌ಬಾಕ್ಸ್ ನೋಡಬೇಕು ಅಂದರೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಯಾವುದಾದರೂ ಹೋಬಳಿಯ ಸೈಬರ್ ಸೆಂಟರಿಗೆ ಹೋಗಿ. ಫ್ಲೆಕ್ಸ್‌ನಲ್ಲಿ ಪಾನ್ ಕಾರ್ಡ್, ಪಹಣಿ, ಜೆರಾಕ್ಸ್, ಕಲರ್ ಫೋಟೊ. ಒಳಗೆ ಒಬ್ಬ ಹುಡುಗ. ಅಪ್ಲಿಕೇಶನ್‌ನಲ್ಲಿ ಇಮೇಲ್ ಅನ್ನೋ ಜಾಗಕ್ಕೆ ಕೆಂಪು ನಕ್ಷತ್ರ ಇರುತ್ತೆ, ತುಂಬದಿದ್ದರೆ ಮುಂದಕ್ಕೆ ಬಿಡಲ್ಲ. ಮುಂದೆ ನಿಂತವರಿಗೆ ಇಮೇಲ್ ಇಲ್ಲ. ಅವನು ತನ್ನದನ್ನೇ ಹಾಕುತ್ತಾನೆ. ಸಿಇಟಿ ಹುಡುಗರು, ಸ್ಕಾಲರ್‌ಶಿಪ್ ಮಕ್ಕಳು, ಪಿಂಚಣಿಯ ಅಜ್ಜಂದಿರು, ಸುತ್ತ ಹದಿನೈದು ಹಳ್ಳಿಯ ಕಾಗದ ಪತ್ರ ಅವನ ಒಂದು ಐಡಿಗೆ ಬಂದು ಬೀಳುತ್ತೆ. ಪಾಪ್ ಬೇಡ, ಗೂಗಲ್ಲೂ ಬೇಡ.

ನಾಗಮಂಗಲದ ಕಡೆ ನಮ್ಮ ದೊಡ್ಡವ್ವ ಇದ್ದಾರೆ. ವಯಸ್ಸು 74. ಆರು ತಿಂಗಳ ಹಿಂದೆ ಅವರ ಬ್ಯಾಂಕ್ ಖಾತೆ ನಿಂತುಹೋಯಿತು. ಕೆವೈಸಿ ಬಾಕಿ. ವಿಧವಾ ವೇತನ ಒಳಗೆ ಬರುತ್ತೆ, ಹೊರಗೆ ಬರಲ್ಲ. ನಾನು ಹೋಗಿ ಕೇಳಿದೆ. ‘ಮೂರು ಸಲ ಮೇಲ್ ಹಾಕಿದ್ದೀವಲ್ಲ ಸಾರ್’ ಅಂದರು. ತಿರುಗಿ ದೊಡ್ಡವ್ವನಿಗೆ ಹೇಳಿದೆ, ‘ನಿನಗೆ ಮೇಲ್ ಕಳಿಸಿದ್ದಾರಂತೆ.’

‘ಯಾರ ಕೈಲಿ ಕೊಟ್ಟು ಕಳ್ಸವ್ರಂತೆ ಮಗ?’

ನಗಬೇಡಿ. ನನಗೂ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಈ ಹೆಂಗಸು ವಾರಕ್ಕೆ ಎರಡು ದಿನ ಆ ಬ್ಯಾಂಕಿನ ಎದುರೇ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಾರೆ. ಆ ಬ್ಯಾಂಕಿನವರೇ ಸಂಜೆ ಹೋಗುವಾಗ ದಂಟಿನ ಸೊಪ್ಪು ಚೌಕಾಸಿ ಮಾಡಿ ಒಯ್ಯುತ್ತಾರೆ. ಒಂದು ಸಲ ‘ಅಜ್ಜಿ, ಆಧಾರ್ ತಂದು ತೋರ್ಸಿ’ ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಮೇಲ್ ಹಾಕಿದರು. ಹಾಕಿದ ಮೇಲೆ ಅವರ ಲೆಕ್ಕದಲ್ಲಿ ಕೆಲಸ ಮುಗಿಯಿತು. ಓದುವವರು ಇದ್ದಾರಾ ಅನ್ನೋದು ಯಾರ ತಲೆನೋವೂ ಅಲ್ಲ. ನಮಗೆಲ್ಲ ಐದೈದು ಐಡಿ ಅಂಟಿಸಿದವರೂ ಇವರೇ, ಇಂಥವರೇ. ಅದನ್ನು ಹೇಗೆ ಒಟ್ಟುಗೂಡಿಸಬೇಕು ಅಂತ ನಾನು ಹತ್ತು ವರ್ಷ ಉಪಾಯ ಹುಡುಕಿಕೊಂಡು ಕೂತಿದ್ದೆ, ಥೂ.

ಸೈಬರ್ ಸೆಂಟರಿಗೆ ಹೋದೆವು. ಹುಡುಗ ಇನ್‌ಬಾಕ್ಸ್ ತೆರೆದ. ಓದದೇ ಇರುವ ಮೇಲ್ 31 ಸಾವಿರ ಚಿಲ್ಲರೆ. ದೊಡ್ಡವ್ವನ ಹೆಸರು ಟೈಪ್ ಮಾಡಿ ಹುಡುಕಿದ. ಹೋಬಳಿಯಲ್ಲಿ ಅದೇ ಹೆಸರಿನವರು ಹನ್ನೊಂದು ಜನ.

‘ಅವ್ವಾ, ನಿಮ್ಮ ಯಜಮಾನ್ರ ಹೆಸರೇನು?’

ದೊಡ್ಡವ್ವ ಗಂಡನ ಹೆಸರು ಬಾಯಲ್ಲಿ ಹೇಳುವವರಲ್ಲ. ದೊಡ್ಡಪ್ಪ ಹೋಗಿ ಹನ್ನೆರಡು ವರ್ಷವಾದರೂ ಇಲ್ಲ. ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು ನನ್ನ ಕಡೆ ನೋಡಿದರು. ‘ನೀನೇ ಯೋಳು ಮಗ.’

ಹೇಳಿದೆ. ಮೂರು ಮೇಲೂ ಸಿಕ್ಕವು. ಮೂರನ್ನೂ ಪ್ರಿಂಟ್ ಹಾಕಿಕೊಟ್ಟ, ಪುಟಕ್ಕೆ 10 ರೂಪಾಯಿ. ದೊಡ್ಡವ್ವ ಅದರಲ್ಲಿ ಏನು ಬರೆದಿದೆ ಓದು ಅಂದರು. ಮೂರರಲ್ಲೂ ಕೊನೆಗೆ ಒಂದೇ ಸಾಲು ಇತ್ತು: ಈ ಮೇಲ್‌ಗೆ ದಯವಿಟ್ಟು ಉತ್ತರ ಕಳಿಸಬೇಡಿ.